ಪಂಪಿನ ಬೆನ್ನಿಗೆ ಎರಡು ಬೊಟ್ಟು

"ಇನ್ನೊಂದೇ ಸುತ್ತು ಸ್ವಾಮಿ, ಬಂದ್ಬಿಡ್ತದೆ," ಎಂದ ದಫೇದಾರ ಮುನಿರಾಮಯ್ಯ.

ಹೇಳುವುದಕ್ಕೇನು! ಅವನು ಠಾಣೆಯ ಹಿತ್ತಿಲಲ್ಲಿ ಬೇವಿನ ನೆರಳು ನೋಡಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಸುಟ್ಟ ಕಾರಿನ ಕೆಳಗೆ ಅಂಗಾತ ಮಲಗಿ, ಕಣ್ಣಿಗೆ ತುಕ್ಕು ಉದುರಿಸಿಕೊಳ್ಳುತ್ತಾ ಸ್ಪ್ಯಾನರ್ ತಿರುಗಿಸುತ್ತಿದ್ದವನು ನಾನು, ದೊಡ್ಡಬಳ್ಳಾಪುರದ ಸಬ್ ಇನ್ಸ್‌ಪೆಕ್ಟರ್ ಅಪ್ಪಯ್ಯಣ್ಣ. ನನ್ನ ಸೊಂಟ ನನ್ನ ಮಾತು ಕೇಳುವುದನ್ನು ಬಿಟ್ಟು ವರ್ಷಗಳಾಗಿದ್ದವು. ನಿದ್ದೆಯೂ ಅಷ್ಟೇ.

ಈ ಕಾರಿನ ಯಜಮಾನ ದೊಡ್ಡಬೆಳವಂಗಲದ ವೆಂಕಟರಾಯಪ್ಪ ಶಿವಗಂಗೆಗೆ ಹೊರಟು ದಾರಿಯಲ್ಲೇ ಬೆಂಕಿಗೆ ಸಿಕ್ಕಿ ಸತ್ತು ವಾರವಾಗಿತ್ತು. ಕಾರಿಗೆ ಬೇರೆ ಎಂಜಿನ್ ಕೂರಿಸಿಕೊಟ್ಟ ಮೇಸ್ತ್ರಿ ಪಿಳ್ಳಣ್ಣ ನಮ್ಮ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಅವನನ್ನು ಕೊಲೆಗಾರನೆಂದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಾಗಿತ್ತು.

"ಕೊಂದದ್ದು ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಆ ಪಂಪು. ಬಿಚ್ಚಿ ಕೋರ್ಟಿಗೆ ಹಾಜರು ಮಾಡಿ," ಎಂದು ಸರ್ಕಲ್ ಸಾಹೇಬರ ಅಪ್ಪಣೆಯಾಗಿತ್ತು. ಅವರ ಪಾಲಿಗೆ ಕೇಸು ಮುಗಿದಿತ್ತು. ನನ್ನ ಪಾಲಿಗೆ ಮುಗಿದಿರಲಿಲ್ಲ. ಪಿಳ್ಳಣ್ಣ ಕೊಲೆ ಮಾಡುವ ಜಾತಿಯವನಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ಸಬ್ ಇನ್ಸ್‌ಪೆಕ್ಟರನ ಮನಸ್ಸನ್ನು ಯಾವ ಕೋರ್ಟು ಕೇಳುತ್ತದೆ?

ಬೋಲ್ಟು ಬಿಟ್ಟುಕೊಂಡಿತು. ಪಂಪು ದಪ್ಪನೆ ನನ್ನ ಎದೆಯ ಮೇಲೆ ಬಿತ್ತು.

"ಅಯ್ಯೋ ಶಿವನೇ!"

"ಪೆಟ್ಟಾಯ್ತಾ ಸ್ವಾಮಿ?"

"ಇಲ್ಲಪ್ಪ, ಹೂವು ಬಿತ್ತು. ಕಾಲು ಹಿಡಿದು ಎಳಿಯೋ ಈಚೆಗೆ!"

ಎದ್ದು ಕೂತು ಪಂಪನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಸೇರಿನಷ್ಟು ಗಾತ್ರದ ಮಿಲಿಟರಿ ಸಾಮಾನು, ಬ್ಯಾಟರಿಯಿಂದ ಓಡುವಂಥದು. ಕಾರಿನ ಮುಂಭಾಗವೆಲ್ಲ ಇದ್ದಿಲಾಗಿತ್ತು. ಹೊಲದಲ್ಲಿದ್ದವರು ಓಡಿಬಂದು ಮಣ್ಣು ಎರಚಿದ್ದರಿಂದ ಹಿಂಭಾಗ ಉಳಿದಿತ್ತು. ಹಿಂದಿನ ಟ್ಯಾಂಕಿನ ಪಕ್ಕದಲ್ಲಿದ್ದ ಈ ಪಂಪಿಗೆ ಧೂಳು ಮೆತ್ತಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಧೂಳು ಒರೆಸೋಣವೆಂದು ಬೋರಲು ಹಾಕಿದೆ. ಹಾಕಿದವನು ಹಾಗೇ ಕೂತುಬಿಟ್ಟೆ.

ಪಂಪಿನ ಬೆನ್ನಿಗೆ ಅರಿಸಿನ ಬಳಿದಿತ್ತು. ಅರಿಸಿನದ ಮೇಲೆ ಕುಂಕುಮದ ಬೊಟ್ಟು. ಒಂದಲ್ಲ, ಎರಡು. ಒಂದರ ಕೆಳಗೊಂದು, ಮೇಲಿನದು ದೊಡ್ಡದು, ಕೆಳಗಿನದು ಚಿಕ್ಕದು. ಬೆನ್ನಿಗೂ ಕಾರಿನ ಚಾಸಿಗೂ ನಡುವೆ ಬೆರಳು ತೂರುವಷ್ಟು ಸಂದಿ ಇದ್ದದ್ದರಿಂದ ಅಳಿಸಿರಲಿಲ್ಲ.

"ಅದ್ರಾಗೇನೈತೆ ಸ್ವಾಮಿ? ಹೊಸಾ ಸಾಮಾನು, ಪೂಜೆ ಮಾಡವ್ರೆ," ಎಂದ ಮುನಿರಾಮಯ್ಯ.

"ಮಾಡಿದಾರೆ. ಯಾರು?"

"ಇನ್ಯಾರು? ಕೂರ್ಸಿದ ಮೇಸ್ತ್ರಿ."

ನಾನು ಶಪಿಸಿಕೊಳ್ಳುತ್ತಾ ಮತ್ತೆ ಕಾರಿನ ಕೆಳಗೆ ತೂರಿದೆ. ಬ್ಯಾಟರಿ ಪೆಟ್ಟಿಗೆಯ ಮೇಲೆ ವಿಭೂತಿಯ ಮೂರು ಗೀಟು. ಪೆಟ್ರೋಲ್ ಕೊಳವೆಯ ಪಟ್ಟಿಯ ಮೇಲೂ ಮೂರು ಗೀಟು. ಹೊಸ ಟ್ಯಾಂಕಿಗೂ ಅದೇ. ಎಲ್ಲೂ ಒಂದು ಚಿಟಿಕೆ ಕುಂಕುಮವಿಲ್ಲ. ಪಂಪಿನ ಮೇಲೆ ವಿಭೂತಿಯಿಲ್ಲ.

*

ಠಾಣೆಯ ಜಗಲಿಯ ಮೇಲೆ ಪಿಳ್ಳಣ್ಣನ ಹೆಂಡತಿ ಕದಿರಮ್ಮ ಕೂತಿದ್ದಳು. ಅವನನ್ನು ಹಿಡಿದು ತಂದ ದಿನದಿಂದ ಅಲ್ಲೇ ಇದ್ದಳು. ಮುದ್ದೆ ಬೇಯಿಸಿ ತರುವುದಕ್ಕೆ ಮಾತ್ರ ಮನೆಗೆ ಹೋಗುತ್ತಿದ್ದಳು. ಅವಳನ್ನು ದಾಟಿ ಒಳಗೆ ಹೋಗುವುದೇ ನನಗೊಂದು ಶಿಕ್ಷೆಯಾಗಿತ್ತು.

"ಸ್ವಾಮಿ, ಬಿಡ್ತೀರಾ?"

ದಿನಾ ಇದೇ ಪ್ರಶ್ನೆ. ದಿನಾ ನಾನು "ನೋಡೋಣ" ಎನ್ನುತ್ತಿದ್ದೆ. ಇವತ್ತೂ ಅದನ್ನೇ ಹೇಳಿದೆ. ಆದರೆ ಇವತ್ತು ನನ್ನ ದನಿಯಲ್ಲಿ ಅವಳಿಗೆ ಏನು ಕೇಳಿಸಿತೋ, ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

ಪಿಳ್ಳಣ್ಣ ಗೋಡೆಗೊರಗಿ ಕೂತಿದ್ದ. ನಲವತ್ತರ ಗಂಡಸು, ಉಗುರಿನ ಸಂದಿಯ ಗ್ರೀಸು ಲಾಕಪ್ಪಿನಲ್ಲೂ ಹೋಗಿರಲಿಲ್ಲ. ಪಂಪಿನ ಮುಖ ಮಾತ್ರ ತೋರಿಸಿದೆ. ಬೆನ್ನು ತೋರಿಸಲಿಲ್ಲ.

"ಇದನ್ನ ಯಾಕೆ ಹಾಕ್ದೆ?"

"ಹಾಕಿಲ್ಲ ಸ್ವಾಮಿ. ಎಷ್ಟು ಸಲ ಹೇಳ್ಲಿ? ನಾ ಹಾಕಿದ್ದು ಚಿಕ್ಕದು."

"ಇನ್ನೊಂದು ಸಲ ಹೇಳು. ಮೊದಲಿಂದ."

ಅವನು ನಿಟ್ಟುಸಿರು ಬಿಟ್ಟ. ಹೇಳಿ ಹೇಳಿ ಅವನಿಗೂ ಸಾಕಾಗಿತ್ತು, ಕೇಳಿ ಕೇಳಿ ನನಗೂ ಸಾಕಾಗಿತ್ತು.

"ಹಳೇ ಗಾಡಿ ಸ್ವಾಮಿ ಅದು. ಪಂಪೇ ಇರ್ಲಿಲ್ಲ. ಟ್ಯಾಂಕು ಎತ್ತರದಲ್ಲಿ, ಎಂಜಿನ್ನು ತಗ್ಗಲ್ಲಿ, ಪೆಟ್ರೋಲು ತಾನೇ ಇಳ್ದು ಬರೋದು. ಯಜಮಾನ್ರು ಮಿಲಿಟರಿ ಹರಾಜಿನಾಗೆ ಎಂಜಿನ್ ತಂದ್ರು. ಅದು ಎತ್ತರ. ಹಳೇ ಟ್ಯಾಂಕಿಂದ ಇಳೀಲ್ಲ. ಹೊಸಾ ಟ್ಯಾಂಕು ಮಾಡಿ ಹಿಂದಕ್ಕೆ ಹಾಕ್ದೆ. ಈಗ ಪಂಪು ಬೇಕೇ ಬೇಕಲ್ಲ?"

"ಎಂಜಿನ್ ಜೊತೆ ಪಂಪು ಬರಲಿಲ್ವಾ?"

"ಬಂದಿತ್ತು. ಕೂರ್ಸಿದ್ರೆ ಸ್ಟಿಯರಿಂಗ್ ಪೆಟ್ಟಿಗೆಗೆ ತಗಲೋದು. ಬಿಚ್ಚಾಕ್ದೆ. ಆಮೇಲೆ ಯಜಮಾನ್ರೇ ಗೋಣಿಚೀಲದಾಗೆ ಎರಡು ಕರೆಂಟ್ ಪಂಪು ತಂದ್ರು. ಒಂದು ದೊಡ್ಡದು, ಇದು. ಒಂದು ಚಿಕ್ಕದು. ದೊಡ್ಡದೇ ಹಾಕಲಾ ಅಂತ ಹಟ ಹಿಡುದ್ರು. ನಾ ಆಗಲ್ಲ ಅಂದೆ. ಎಂಜಿನ್ನಿನ ಕಾರ್ಬುರೇಟರು ಒಡ್ದೋಗಿತ್ತು, ಹಳೇ ಗಾಡೀದೇ ಹಾಕಿದ್ದೆ. ಅದು ನಿಧಾನಕ್ಕೆ ಕುಡಿಯೋದು. ಒಳಲೇಲಿ ಹಾಲು ಕುಡಿಯೋ ಮಗೀನ ಬಾಯಿಗೆ ಎತ್ತು ಕಟ್ಟಿ ಎಳ್ಯೋ ಕಪಿಲೆ ನೀರು ಬಿಟ್ರೆ ಏನಾಗ್ತದೆ?"

ಏನಾಗುತ್ತದೆಂದು ಬೆಂಗಳೂರಿನಿಂದ ಬಂದ ಮೋಟಾರ್ ತಜ್ಞರೂ ಹೇಳಿದ್ದರು. ದೊಡ್ಡ ಪಂಪಿನ ರಭಸಕ್ಕೆ ಕಾರ್ಬುರೇಟರ್ ಉಕ್ಕುತ್ತದೆ. ಪೆಟ್ರೋಲು ಕಾದ ಹೊಗೆಕೊಳವೆಯ ಮೇಲೆ ಸುರಿಯುತ್ತದೆ. ಎಂಜಿನ್ನು ನಿಂತರೂ ಸ್ವಿಚ್ಚು ಹಾಕಿದ್ದರೆ ಕರೆಂಟ್ ಪಂಪು ನಿಲ್ಲುವುದಿಲ್ಲ. ಪಾಪ, ವೆಂಕಟರಾಯಪ್ಪ ವಾಸನೆ ಬಂತೆಂದು ಗಾಡಿ ನಿಲ್ಲಿಸಿ, ಸ್ವಿಚ್ಚು ತೆಗೆಯದೆ, ಬಾನೆಟ್ಟು ಎತ್ತಿ ಬಗ್ಗಿ ನೋಡಿದ್ದ. ಬೆಂಕಿ ಮುಖಕ್ಕೇ ಬಂದಿತ್ತು.

"ದೊಡ್ಡ ಪಂಪು ಎಲ್ಲಿ ಹೋಯ್ತು?"

"ಗಾಡಿ ಕೊಟ್ಟ ದಿನ ಯಜಮಾನ್ರೇ ಚೀಲದಾಗೆ ಹಾಕ್ಕೊಂಡೋದ್ರು."

"ನೋಡಿದೋರು?"

"ಯಾರೂ ಇಲ್ಲ."

ಸರ್ಕಲ್ ಸಾಹೇಬರು ನೇಣು ಹೊಸೆದದ್ದು ಇದರಿಂದಲೇ. ದೊಡ್ಡ ಪಂಪು ಇವನ ಅಂಗಡಿಯಲ್ಲಿತ್ತು, ಇವನೇ ಕೂರಿಸಿದ. ಅಂಗಡಿಯಿದ್ದ ತನ್ನ ಜಾಗ ಖಾಲಿ ಮಾಡೆಂದು ವೆಂಕಟರಾಯಪ್ಪ ಸಂತೆಯಲ್ಲಿ ಜನರ ಮುಂದೆ ಇವನ ಕೊರಳಪಟ್ಟಿ ಹಿಡಿದಿದ್ದ. "ನೀನೂ ನೆಮ್ಮದಿಯಾಗಿರಲ್ಲ" ಎಂದು ಇವನು ಶಾಪ ಹಾಕಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನಮ್ಮ ಸಾಹೇಬರು.

"ಲೋ ಪಿಳ್ಳಣ್ಣ, ಗಾಡಿ ಮುಗಿದ ಮೇಲೆ ಪೂಜೆ ಹೇಗೆ ಮಾಡ್ತೀಯ?"

ಅವನು ನನ್ನ ಮುಖ ನೋಡಿದ. ತಲೆ ಕೆಟ್ಟಿತೋ ಏನೋ ಇವರಿಗೆ ಎಂದುಕೊಂಡಿರಬೇಕು.

"ವಿಭೂತಿ ಎಳೀತೀನಿ ಸ್ವಾಮಿ. ಶಿವಗಂಗೇದು. ಬಿಚ್ಚಿ ಕೂರ್ಸಿದ ಒಂದೊಂದಕ್ಕೂ ಎಳೀತೀನಿ."

"ಕುಂಕುಮ?"

"ಅಂಗಡೀಗೇ ತರಲ್ಲ. ಗ್ರೀಸಿಗೆ ಸೇರ್ಕೊಂಡ್ರೆ ಬಟ್ಟೆಗೆಲ್ಲ ಮೆತ್ಕೊಳ್ತದೆ, ಇವಳು ಒಗ್ಯಾಕೆ ಬೈತಾಳೆ."

"ಗಾಡಿ ಕೊಟ್ಟಮೇಲೆ ಅವರ ಮನೆಗೆ ಹೋಗಿದ್ಯಾ?"

"ಆ ಕಡೆ ತಲೇನೇ ಹಾಕಿಲ್ಲ."

ಗಾಡಿ ಕೊಟ್ಟಂದಿನಿಂದ ಬೆಂಕಿ ಹತ್ತುವವರೆಗಿನ ದಿನಗಳಲ್ಲಿ ಇವನೆಲ್ಲಿದ್ದನೆಂದು ಇಷ್ಟು ದಿನ ನಾವು ಯಾರೂ ಕೇಳಿರಲಿಲ್ಲ. ಪಂಪು ಅಂಗಡಿಯಲ್ಲೇ ಕೂತಿತು ಎಂದುಕೊಂಡವರಿಗೆ ಆಮೇಲಿನ ದಿನಗಳ ಗೊಡವೆ ಏಕೆ? ಈಗ ಅವೇ ಮುಖ್ಯವಾಗಿದ್ದವು. ಗಾಡಿ ಅಂಗಡಿ ಬಿಟ್ಟ ಮೇಲೆ, ವೆಂಕಟರಾಯಪ್ಪನ ಕೊಟ್ಟಿಗೆಯಲ್ಲಿ ನಿಂತಿದ್ದಾಗ, ಯಾರೋ ಚಿಕ್ಕ ಪಂಪು ಬಿಚ್ಚಿ ದೊಡ್ಡದು ಹಾಕಿದ್ದರು. ಹಾಕುವ ಮುಂಚೆ ಅದಕ್ಕೆ ಅರಿಸಿನ ಕುಂಕುಮ ಇಡಿಸಿದ್ದರು.

ನೋಡಿ ಜನರ ಬುದ್ಧಿ! ಕೊಲ್ಲುವುದಕ್ಕೆ ಹೊರಟವನಿಗೂ ಹೊಸ ಸಾಮಾನನ್ನು ಬರಿದಾಗಿ ಬಳಸುವ ಧೈರ್ಯ ಬಂದಿರಲಿಲ್ಲ.

*

ದೊಡ್ಡಬೆಳವಂಗಲಕ್ಕೆ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಹೋದೆವು. ಯುದ್ಧ ಮುಗಿದರೂ ಪೆಟ್ರೋಲಿಗೆ ಕೂಪನ್ನು ತಪ್ಪಿರಲಿಲ್ಲ, ನಮಗೆ ಈ ಹೊಗೆ ತಪ್ಪಿರಲಿಲ್ಲ. ಏರು ಬಂದಲ್ಲೆಲ್ಲ ಕಂಡಕ್ಟರು "ಇಳೀರಪ್ಪಾ, ಇಳೀರಿ" ಎಂದು ಇಳಿಸುತ್ತಿದ್ದ. ಪೊಲೀಸಿನವರೆಂದು ನಮ್ಮನ್ನು ಬಿಡಲಿಲ್ಲ. ಪಂಪನ್ನು ಟವಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸಿನ ಹಿಂದೆ ನಡೆದೆ. ಬಿಸಿಲು ನೆತ್ತಿ ಸುಡುತ್ತಿತ್ತು.

"ಬೆನ್ನಿಗೆ ಎರಡು ಬೊಟ್ಟು ಐತೆ ಅಂತ ಇಷ್ಟು ದೂರ ಯಾಕೆ ಸ್ವಾಮಿ?" ಎಂದ ಮುನಿರಾಮಯ್ಯ ಏದುತ್ತಾ. "ನಾಳೆ ಒಪ್ಸಿ ಕೈ ತೊಳ್ಕಳಾದು ಬಿಟ್ಟು."

"ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ್ದು ಗೊತ್ತೇನೋ ನಿನಗೆ?"

"ಗೊತ್ತು."

"ಮೇಕೆ ನಮ್ಮ ಲಾಕಪ್ಪಲ್ಲಿದೆ. ನಡಿ."

ವೆಂಕಟರಾಯಪ್ಪನದು ದೊಡ್ಡ ತೊಟ್ಟಿಮನೆ. ಸೂತಕದ ಮನೆಯಾದ್ದರಿಂದ ಜಗಲಿಯಲ್ಲೇ ಕೂತೆವು. ತಮ್ಮ ಗೋಪಾಲಪ್ಪ ಹೊರಗೆ ಬಂದ. ಮೂವತ್ತರ ಆಸುಪಾಸು, ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವನು. ಕಾರು ಕೊಂಡಾಗ ತಾನೇ ಓಡಿಸುತ್ತೇನೆಂದು ಆಸೆಪಟ್ಟಿದ್ದನಂತೆ. ಅಣ್ಣ ಸ್ಟಿಯರಿಂಗ್ ಮುಟ್ಟಲೂ ಬಿಟ್ಟಿರಲಿಲ್ಲ ಎಂದು ಊರವರು ಹೇಳಿದ್ದರು.

"ಇನ್ನೇನು ಸ್ವಾಮಿ? ಹೇಳಿಕೆ ಕೊಟ್ಟಾಯ್ತಲ್ಲ."

"ಈ ಕಡೆ ಬಂದಿದ್ದೆವು, ಹಾಗೇ ಕೂತು ಹೋಗೋಣ ಅಂತ. ನೀರು ಕೊಡಪ್ಪಾ ಮೊದಲು."

ನೀರು ಕುಡಿಯುತ್ತಾ ಕಣ್ಣಾಡಿಸಿದೆ. ಕಂಬಕ್ಕೆ ಒರಗಿಸಿದ್ದ ಹೊಸ ಗುದ್ದಲಿ ಕಣ್ಣಿಗೆ ಬಿತ್ತು. ಇನ್ನೂ ಮಣ್ಣು ಕಂಡಿರಲಿಲ್ಲ. ಕಾವಿನ ಬುಡದಲ್ಲಿ ಅರಿಸಿನ, ಅದರ ಮೇಲೆ ಕುಂಕುಮ. ಒಂದರ ಕೆಳಗೊಂದು, ಎರಡು ಬೊಟ್ಟು.

ಚೊಂಬು ಕೆಳಗಿಟ್ಟೆ. ಸಂತೋಷವಾಯಿತು ಎಂದು ಬಾಯಿಬಿಟ್ಟೇ ಹೇಳುತ್ತೇನೆ. ಆ ವಾರವೆಲ್ಲ ನನಗೆ ಆದ ಸಂತೋಷ ಅದೊಂದೇ.

"ಒಳ್ಳೇ ಗುದ್ದಲಿ," ಎಂದೆ. "ಎರಡು ಬೊಟ್ಟು ಯಾಕಪ್ಪಾ? ನಮ್ಮ ಕಡೆ ಒಂದೇ ಇಡೋದು."

"ನಮ್ಮನೇ ಪದ್ಧತಿ. ಮೇಲಿಂದು ಮನೆದೇವ್ರಿಗೆ, ಕೆಳಗಿಂದು ಸಪ್ಪಲಮ್ಮಂಗೆ. ಸೂಜಿ ತಂದ್ರೂ ಅಷ್ಟೇ, ನೇಗಿಲು ತಂದ್ರೂ ಅಷ್ಟೇ. ಮೊದ್ಲು ದೇವ್ರ ಗೂಡಿನ ಮುಂದೆ ಹೋಗ್ಬೇಕು, ಅತ್ತಿಗೆ ಕೈಲಿ ಬೊಟ್ಟು ಇಡಿಸ್ಕೋಬೇಕು, ಆಮೇಲೆ ಕೆಲ್ಸಕ್ಕೆ."

"ಊರಲ್ಲಿ ಎಲ್ಲರ ಮನೇಲೂ ಹೀಗೇನಾ?"

"ಇಲ್ಲ. ನಮ್ದೊಂದೇ. ನಮ್ಮ ತಾತನ ಕಾಲದಿಂದ."

ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ನಾನು ಟವಲು ಬಿಚ್ಚಿ ಪಂಪನ್ನು ಜಗಲಿಯ ಮೇಲೆ ಬೋರಲು ಇಟ್ಟೆ.

"ಹಾಗಾದರೆ ಇದೂ ನಿಮ್ಮ ದೇವರ ಗೂಡಿಗೆ ಬಂದುಹೋದದ್ದೇ."

ಗೋಪಾಲಪ್ಪ ನೋಡಿದ. ನೋಡುತ್ತಲೇ ಇದ್ದ.

"ಇದೇನು?"

"ಗೊತ್ತಿಲ್ವಾ? ಎರಡು ವರ್ಷ ಮಿಲಿಟರಿ ಲಾರಿ ಓಡಿಸಿದೋನಿಗೆ ಪೆಟ್ರೋಲ್ ಪಂಪು ಗೊತ್ತಾಗಲ್ವಾ?"

"ಮೇಸ್ತ್ರಿ ಹಾಕಿದ್ದು ಅದು."

"ಮೇಸ್ತ್ರಿ ವಿಭೂತಿ ಎಳೀತಾನೆ. ಕಾರಿನ ತುಂಬ ಅವನ ಗೀಟೇ ಇದೆ. ಇದರ ಮೇಲೆ ಮಾತ್ರ ನಿಮ್ಮನೆ ಬೊಟ್ಟು."

"ಅಣ್ಣನೇ ತಂದು ಇಡಿಸಿರ್ಬೋದು. ದೊಡ್ಡದೇ ಬೇಕು ಅಂತ ಅಣ್ಣ ಬಡ್ಕೊಂಡ."

"ಸರಿ, ಇಡಿಸಿದ. ಕೂರಿಸಿದ್ದು ಯಾರು? ನಿಮ್ಮಣ್ಣನಿಗೆ ಸ್ಪ್ಯಾನರ್ ಹಿಡಿಯೋಕೆ ಬರ್ತಿತ್ತಾ?"

ಅವನು ತಿರುಗಿ ಬಾಗಿಲ ಕಡೆ ನೋಡಿದ.

"ಕೇಳಿದ್ದು ಕೇಳಿಸ್ತಾ ಗೋಪಾಲಪ್ಪ?"

"ಬರ್ತಿರ್ಲಿಲ್ಲ."

"ನಿನಗೆ?"

"ಬರ್ತದೆ. ಬಂದ್ರೇನಾಯ್ತು? ಸ್ಪ್ಯಾನರ್ ಹಿಡಿಯೋಕೆ ಬರೋರೆಲ್ಲ ಕೊಲೆಗಾರ್ರಾ?" ಅವನ ದನಿ ಏರಿತು. "ಅವನು ನಮ್ಮಣ್ಣ ಸ್ವಾಮಿ! ಹೆಗಲ ಮೇಲೆ ಕೂರ್ಸ್ಕೊಂಡು ಸಾಕಿದೋನು. ಬೈತಿದ್ದ, ಹೌದು. ಗಾಡಿ ಮುಟ್ಟಬ್ಯಾಡ ಅಂದ, ಹೌದು. ಅದಕ್ಕೆ ಸುಟ್ಟಾಕ್ತೀನಾ?"

"ನೀನು ಮುಟ್ಟಿಲ್ಲ ಅಂದ್ರೆ ಮುಟ್ಟಿದೋರು ಯಾರು ಅನ್ನೋದು ನಿನಗೆ ಗೊತ್ತಿರಬೇಕು. ಗಾಡಿ ನಿಂತಿದ್ದು ನಿಮ್ಮ ಕೊಟ್ಟಿಗೇಲಿ. ಬೀಗ ನಿಮ್ಮದು."

"ನಂಗೇನೂ ಗೊತ್ತಿಲ್ಲ."

"ನಾಳೆ ಒಬ್ಬ ಬಡಪಾಯಿ ಕಟಕಟೆ ಹತ್ತುತ್ತಾನೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ನನ್ನ ಕೈಲಿ ಆಗಲ್ಲಪ್ಪಾ. ಬೊಟ್ಟು ಇಟ್ಟ ಕೈಯನ್ನೇ ಕೇಳ್ತೀನಿ. ನಿಮ್ಮ ಅತ್ತಿಗೇನ ಕರಿ."

ಗೋಪಾಲಪ್ಪ ತಟ್ಟನೆ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಅದಾಗಲ್ಲ. ಸೂತಕದ ಮನೆ. ಅತ್ತಿಗೆ ಹೊರಗೆ ಬರಲ್ಲ."

"ನಾನು ಒಳಗೆ ಬರ್ತೀನಿ."

"ಸ್ವಾಮಿ, ಕೈ ಮುಗೀತೀನಿ. ಅವರನ್ನ ಬಿಟ್ಬಿಡಿ. ನನ್ನ ಬೇಕಾದ್ರೆ ಕರ್ಕೊಂಡೋಗಿ."

ಈ ಮಾತು ನನಗೆ ವಿಚಿತ್ರವಾಗಿ ಕೇಳಿಸಿತು. ಈಗತಾನೇ ಕೊಲೆಗಾರನಲ್ಲ ಎಂದು ಕೂಗಾಡಿದವನು ಈಗ ಕೈಗೆ ಬೇಡಿ ಕೇಳುತ್ತಿದ್ದ. ಮುನಿರಾಮಯ್ಯನೂ ಬೀಡಿ ಹಚ್ಚುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ.

"ಕೇಳ್ಲಿ ಬಿಡು ಗೋಪಾಲ."

ಒಳಗಿನಿಂದ ಹೆಂಗಸಿನ ದನಿ. ವೆಂಕಟರಾಯಪ್ಪನ ಹೆಂಡತಿ ವರಲಕ್ಷ್ಮಮ್ಮ ಹೊಸಿಲಿನ ಆಚೆ ಬಂದು ನಿಂತರು. ಗೋಪಾಲಪ್ಪ ಪಕ್ಕಕ್ಕೆ ಸರಿದ. ಕೆದರಿದ ಕೂದಲು, ಒಣಗಿದ ತುಟಿ. ಕೈಯಲ್ಲಿ ಹಸಿರು ಬಳೆ ಇನ್ನೂ ಇದ್ದವು. ತಿಥಿಯ ದಿನ ಅವೂ ಹೋಗುತ್ತವೆ. ಇಂಥ ಹೆಂಗಸಿನ ಮುಂದೆ ಕುಂಕುಮದ ಮಾತೆತ್ತಬೇಕಾದ ನನ್ನ ಕೆಲಸಕ್ಕೆ ಬೆಂಕಿ ಬೀಳಲಿ ಎನ್ನಿಸಿತು.

"ತಾಯಿ, ತಪ್ಪು ತಿಳಿಯಬೇಡಿ. ಈ ಬೊಟ್ಟು ನಿಮ್ಮ ಕೈದಾ?"

ಅವರು ಬಗ್ಗಿ ನೋಡಲೂ ಇಲ್ಲ.

"ನಂದೇ."

"ಯಾವತ್ತು ಇಟ್ಟಿರಿ?"

"ಗಾಡಿ ಮನೆಗೆ ಬಂದ ಮಾರನೇ ದಿನ. ಯಜಮಾನ್ರು ಊರಲ್ಲಿರ್ಲಿಲ್ಲ. ಗೋಪಾಲನೂ ಹೊಲಕ್ಕೆ ಹೋಗಿದ್ದ."

"ಏನು ಸಾಮಾನು ಅಂತ ಕೇಳಲಿಲ್ವಾ?"

"ಗಂಡಸರ ಸಾಮಾನು. ಕೇಳಿದ್ರೆ ನಂಗೇನು ತಿಳೀತದೆ? ದೇವ್ರ ಮುಂದೆ ಇಟ್ಟು ಕೊಡಿ ಅಂದ, ಇಟ್ಟು ಕೊಟ್ಟೆ. ಇದೇ ಕೈಯಾಗೆ ಇಟ್ಟು ಕೊಟ್ಟೆ."

ಆ ಕೈಯನ್ನು ಅವರು ಸೆರಗಿನೊಳಗೆ ಎಳೆದುಕೊಂಡರು. ಕಣ್ಣಿಂದ ನೀರು ಇಳಿಯಿತು, ದನಿ ಮಾತ್ರ ನಡುಗಲಿಲ್ಲ. ಒಂದು ಹೆಸರು ಬಂದರೆ ಸಾಕು, ಪಿಳ್ಳಣ್ಣ ಇವತ್ತು ಸಂಜೆ ಮನೆಗೆ ಹೋಗುತ್ತಾನೆ.

"ತಂದುಕೊಟ್ಟೋರು ಯಾರು ತಾಯಿ?"

ಅವರು ಮೈದುನನ ಕಡೆ ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ.

"ಮೇಸ್ತ್ರಿ. ಪಿಳ್ಳಣ್ಣ."

ನಾನು ಪಂಪನ್ನು ಎತ್ತಿ ಅವರ ಹತ್ತಿರಕ್ಕೆ ಹಿಡಿದೆ.

"ಇನ್ನೊಂದು ಸಲ ಯೋಚನೆ ಮಾಡಿ ಹೇಳಿ ತಾಯಿ. ಒಂದು ಜೀವದ ಪ್ರಶ್ನೆ."

"ಯೋಚ್ನೆ ಮಾಡೋದೇನೈತೆ? 'ಅಕ್ಕ, ಯಜಮಾನ್ರು ದೊಡ್ಡದೇ ಹಾಕು ಅಂದವ್ರೆ, ಪೂಜೆ ಮಾಡ್ಕೊಡಿ' ಅಂದ. ತಗೊಂಡು ಕೊಟ್ಟಿಗೆಗೆ ಹೋದ. ಬರ್ಕೊಳ್ಳಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಮುನಿರಾಮಯ್ಯ ಬರೆದುಕೊಂಡ. ಅವರು ಹೆಬ್ಬೆಟ್ಟು ಒತ್ತಿ ಒಳಗೆ ಹೋದರು. ನಾನು ಗೋಪಾಲಪ್ಪನನ್ನು ನೋಡಿದೆ. ತನ್ನ ತಲೆಯ ಮೇಲಿದ್ದ ಕತ್ತಿ ಸರಿದುಹೋಯಿತೆಂದು ಅವನಿಗೆ ಸಮಾಧಾನವಾಗಬೇಕಿತ್ತು. ಅವನ ಮುಖದಲ್ಲಿ ಕಂಡದ್ದು ಗಾಬರಿ. ಬೇರೆ ಯಾವುದೋ ಹೆಸರು ಬರುತ್ತದೆಂದು ಕಾದು ನಿಂತಿದ್ದವನ ಗಾಬರಿ.

"ಏನಾಯ್ತಪ್ಪಾ?"

"ಏನಿಲ್ಲ," ಎಂದು ಅವನೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

*

ವಾಪಸು ಬರುವಾಗ ಬಸ್ಸಿನಲ್ಲಿ ಮುನಿರಾಮಯ್ಯ ಒಂದು ಮಾತೂ ಆಡಲಿಲ್ಲ. ಅವನ ಪುಣ್ಯ. ಆಡಿದ್ದರೆ ನಾನು ಹೊಡೆದೇಬಿಡುತ್ತಿದ್ದೆ. ಇಷ್ಟು ದಿನ ಪಿಳ್ಳಣ್ಣನ ಮೇಲೆ ಬರೀ ಗುಮಾನಿ ಇತ್ತು. ಸಾಕ್ಷಿಯೊಂದು ಇರಲಿಲ್ಲ. ಅವನನ್ನು ಉಳಿಸುತ್ತೇನೆಂದು ಹೊರಟು, ಬಿಸಿಲಲ್ಲಿ ನಡೆದು, ಸೊಂಟ ಮುರಿದುಕೊಂಡು, ಆ ಸಾಕ್ಷಿಯನ್ನು ನನ್ನ ಕೈಯಾರೆ ಹುಡುಕಿ ತಂದಿದ್ದೆ. ನನಗಿಂತ ದಡ್ಡ ಪೊಲೀಸಿನವನು ಮೈಸೂರು ಸೀಮೆಯಲ್ಲಿ ಇದ್ದಾನೆಯೇ?

ಅಥವಾ ಪಿಳ್ಳಣ್ಣ ವಾರವೆಲ್ಲ ನನ್ನ ಕಣ್ಣಿಗೆ ಮಣ್ಣೆರಚಿದ್ದನೋ? ಆ ಯೋಚನೆ ಬಂದದ್ದೇ ಮೈ ಉರಿಯಿತು. ವಿಭೂತಿ ಬಿಟ್ಟು ಬೇರೆ ಮುಟ್ಟದವನು ಕುಂಕುಮ ಇಡಿಸಲು ಆ ಮನೆಗೆ ಏಕೆ ಹೋಗುತ್ತಾನೆ? ಹೋಗಲಿಲ್ಲವೆಂದರೆ, ಗಂಡನನ್ನು ಕಳೆದುಕೊಂಡ ಹೆಂಗಸು ಸುಳ್ಳು ಏಕೆ ಹೇಳುತ್ತಾಳೆ?

ಠಾಣೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಕದಿರಮ್ಮ ಜಗಲಿಯಿಂದ ಇಳಿದು ಎದುರಿಗೇ ಬಂದಳು.

"ಸ್ವಾಮಿ..."

ಈ ಸಲ "ನೋಡೋಣ" ಎನ್ನುವುದಕ್ಕೂ ಬಾಯಿ ಬರಲಿಲ್ಲ. ಅವಳನ್ನು ದಾಟಿ ನೇರ ಲಾಕಪ್ಪಿನ ಮುಂದೆ ಹೋಗಿ ನಿಂತೆ. ಅವಳೂ ಹಿಂದೆಯೇ ಬಂದಳು. ತಡೆಯಲು ನನಗೆ ಶಕ್ತಿಯಿರಲಿಲ್ಲ.

"ಲೋ ಪಿಳ್ಳಣ್ಣ! ಆ ಮನೆ ಕಡೆ ತಲೇನೇ ಹಾಕಿಲ್ಲ ಅಂದ್ಯಲ್ಲೋ. ಯಾಕೋ ಸುಳ್ಳು ಹೇಳಿದೆ?"

"ಸುಳ್ಳಲ್ಲ ಸ್ವಾಮಿ. ಶಿವಗಂಗೆ ಮೇಲಾಣೆ."

"ಆಣೆ ಇಡಬೇಡ! ಗಾಡಿ ಕೊಟ್ಟ ಮಾರನೇ ದಿನ ದೊಡ್ಡ ಪಂಪು ತಗೊಂಡು ಹೋಗಿದ್ದೆ. ಕುಂಕುಮ ಇಡಿಸಿಕೊಂಡು, ಕೊಟ್ಟಿಗೇಲಿ ಕೂರಿಸಿದೆ. ಕಣ್ಣಾರೆ ಕಂಡೋರು ಹೇಳಿದಾರೆ."

"ಯಾವ ಬೋಳೀಮಗ ಹೇಳ್ದ?" ಅವನು ಎದ್ದು ಕಂಬಿ ಹಿಡಿದ. ಅಷ್ಟು ದಿನದಲ್ಲಿ ಅವನಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಆಗಲೇ. "ಕರ್ಕೊಂಡ್ಬನ್ನಿ ಅವ್ನ! ನನ್ನ ಮುಂದೆ ಹೇಳ್ಲಿ!"

"ಅವನಲ್ಲ. ವರಲಕ್ಷ್ಮಮ್ಮ."

ಪಿಳ್ಳಣ್ಣನ ಕೈ ಕಂಬಿಯ ಮೇಲೆ ಹಾಗೇ ನಿಂತಿತು. ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು.

"ಅವ್ರೇ ಹೇಳಿದ್ರಾ? ಬಾಯಾರೆ?"

"ಹೆಬ್ಬೆಟ್ಟು ಒತ್ತಿದಾರೆ."

"ಹಂಗಾದ್ರೆ ಹಂಗೇ ಬರ್ಕಳಿ ಸ್ವಾಮಿ. ನಾನೇ ಕೂರ್ಸಿದ್ದು."

"ಲೋ! ಏನು ಮಾತಾಡ್ತಿದೀಯ ಗೊತ್ತೇನೋ? ನೇಣು ಕಣೋ ಅದು!"

"ಗೊತ್ತು."

"ಸುಳ್ಳು ಸ್ವಾಮಿ, ಸುಳ್ಳು!" ಕದಿರಮ್ಮ ನನ್ನನ್ನು ತಳ್ಳಿಕೊಂಡೇ ಮುಂದೆ ಬಂದಳು. "ಗಾಡಿ ಕೊಟ್ಟ ದಿನ ರಾತ್ರಿಯಿಂದ ಜ್ವರ ಇವ್ರಿಗೆ. ಮೂರು ದಿನ ಹಾಸಿಗೆ ಬಿಟ್ಟೆದ್ದಿಲ್ಲ. ಗಂಜಿ ನಾನೇ ಕುಡಿಸಿದ್ದು. ಬಾಗಿಲು ದಾಟಿಲ್ಲ ಸ್ವಾಮಿ, ನನ್ನ ಮಕ್ಕಳಾಣೆ! ಏಯ್, ಹೇಳು! ಬಾಯಿ ಬಿಟ್ಟು ಹೇಳು ಮನೇಲಿದ್ದೆ ಅಂತ!"

ಪಿಳ್ಳಣ್ಣ ಹೆಂಡತಿಯ ಕಡೆ ನೋಡಲಿಲ್ಲ.

"ಇವ್ಳ ಮಾತು ಬರ್ಕೋಬ್ಯಾಡಿ. ಹೆಂಡ್ತಿ, ಗಂಡನ್ನ ಉಳಿಸ್ಕೊಳ್ಳಾಕೆ ಏನಾದ್ರೂ ಅಂತಾಳೆ. ಜ್ವರಾನೂ ಇರ್ಲಿಲ್ಲ, ಏನೂ ಇರ್ಲಿಲ್ಲ."

"ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಲ್ಲಿ ನಿಲ್ಲಲ್ಲ," ಎಂದೆ. ನನ್ನ ದನಿ ನನಗೇ ಬೇಡಿಕೆಯಂತೆ ಕೇಳಿಸಿತು. "ಇನ್ನೂ ಹೊತ್ತಿದೆ ಪಿಳ್ಳಣ್ಣ. ಯಾಕೆ ಹೀಗೆ ಹೇಳ್ತಿದೀಯ, ಅದನ್ನ ಹೇಳು."

"ನಾಳೆ ಮ್ಯಾಜಿಸ್ಟ್ರೇಟ್ರ ಮುಂದೂ ಇದ್ನೇ ಹೇಳ್ತೀನಿ," ಎಂದು ಅವನು ನಮಗೆ ಬೆನ್ನು ಹಾಕಿ ಕೂತುಬಿಟ್ಟ. ಬಾಗಿಲಿಗೆ ಅಡ್ಡ ನಿಂತ ಗೋಪಾಲಪ್ಪನ ನೆನಪಾಯಿತು; ಅದೇ ಹೆಂಗಸಿಗಾಗಿ ಇವತ್ತು ಕೊರಳೊಡ್ಡಲು ಬಂದ ಎರಡನೆಯವನು ಇವನು.

ಕದಿರಮ್ಮ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಕಂಬಿಗೆ ಮುಖ ಹತ್ತಿರ ತಂದು, ನಾನು ಅಲ್ಲಿರುವುದೇ ಮರೆತುಹೋದಂತೆ, ಗಂಡನನ್ನು ಮೆಲ್ಲಗೆ ಕೇಳಿದಳು:

"ಆ ಹೆಂಗಸು ನಿಂಗೆ ಏನಾಗ್ಬೇಕು?"